ಮೈಮೇಲಿನ ಮಾಲು

ಅಕ್ಕನ ಗಂಡನ ಕೈ ಏಳುತ್ತಿರಲಿಲ್ಲ. ತೋಳು ಏಳುತ್ತಿತ್ತು, ಮೊಣಕೈ ಮಡಚುತ್ತಿತ್ತು. ಮಣಿಕಟ್ಟಿನಿಂದಾಚೆ ಅಂಗೈ ಮಾತ್ರ ಹಗ್ಗದ ಮೇಲೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಲೋಟ ಹಿಡಿಯಲು ಆಗದು. ಅಂಗಿಯ ಗುಂಡಿ ಹಾಕಲು ಆಗದು. ಅಕ್ಕ ದಿನಾ ಬೆಳಿಗ್ಗೆ ಅವನ ಮುಖ ತೊಳೆದು, ತುತ್ತು ಮಾಡಿ ಉಣಿಸಿ, ಗುಂಡಿ ಹಾಕಿ, ಬಾಗಿಲನ್ನು ಬರೀ ಮುಂದೆ ಮಾಡಿ ಕೆಲಸಕ್ಕೆ ಹೊರಡುತ್ತಿದ್ದಳು. ಚಿಲಕ ಹಾಕಿದರೆ ತೆಗೆಯಲು ಅವನಿಗೆ ಬೆರಳಿಲ್ಲ.

"ನೊಣ ಓಡಿಸ್ಕೊಳ್ಳೋಕೂ ನಿನ್ನೇ ಕಾಯ್ಬೇಕು ಕಣೇ" ಎಂದು ಅವನು ಮೊದಮೊದಲು ನಗುತ್ತಿದ್ದ. ಈಗ ಆ ಮಾತೂ ನಿಂತಿತ್ತು. ಅವಳಿಗೂ ನಗಿಸುವ ಶಕ್ತಿ ಉಳಿದಿರಲಿಲ್ಲ.

ಅವಳನ್ನು ಫ್ಯಾಕ್ಟರಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಕೂಡ. ಅದು ಬ್ಯಾಟರಿ ಮಾಡುವ ಫ್ಯಾಕ್ಟರಿ. ಸೀಸದ ಗಟ್ಟಿಗಳು ಲಾರಿಯಲ್ಲಿ ಬರುತ್ತಿದ್ದವು. ಗಿರಣಿಯಲ್ಲಿ ಅವು ಪುಡಿಯಾಗುತ್ತಿದ್ದವು. ಗಂಡ ಆ ಗಿರಣಿಯಲ್ಲಿದ್ದವನು. ಪುಡಿ ಕಲಸಿ ಜಾಲರಿಗೆ ಮೆತ್ತಿ ಒಣಗಿಸಿದರೆ ಪ್ಲೇಟು. ಪ್ಲೇಟಿನ ಅಂಚಿಗೆ ಹೆಚ್ಚಾಗಿ ಹತ್ತಿದ ಪುಡಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯುವುದು ಹೆಂಗಸರ ಕೆಲಸ. ಎಡಗೈಯಲ್ಲಿ ಪ್ಲೇಟು, ಬಲಗೈಯಲ್ಲಿ ಬ್ರಷ್ಷು. ನಿಂತೇ ಉಜ್ಜಬೇಕು. ಕೂತರೆ ಕೈ ನಿಧಾನವಾಗುತ್ತದಂತೆ. ಹಾಗೆಂದು ಯಾವನೋ ಒಬ್ಬ ಎಂದೋ ಹೇಳಿದ್ದ, ಅವತ್ತಿನಿಂದ ಆ ಶೆಡ್ಡಿನಲ್ಲಿ ಒಂದು ಸ್ಟೂಲು ಕೂಡ ಇರಲಿಲ್ಲ. ಕಾಲು ಊದಿದರೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬಿಡಬೇಕು. ಅಷ್ಟೇ ವಿಶ್ರಾಂತಿ.

ಉಜ್ಜಿದಾಗ ಪುಡಿ ಏಳುತ್ತಿತ್ತು. ರೆಪ್ಪೆಗೆ, ಕಿವಿಯ ಸಂದಿಗೆ, ಕೂದಲ ಬುಡಕ್ಕೆ. ನಾಲಿಗೆಯ ಮೇಲೆ ಕೂತರೆ ಸಿಹಿ. ಹೊಸದಾಗಿ ಸೇರಿದವರಿಗೆ ಅದೊಂದು ತಮಾಷೆ. "ಸಕ್ಕರೆ ಹಾಕದೇನೇ ಚಹಾ ಸಿಹಿ ಕಣ್ರೇ!" ಎನ್ನುತ್ತಿದ್ದರು. ಆಮೇಲೆ ಹೊಟ್ಟೆ ಹಿಂಡಲು ಶುರುವಾದಾಗ ತಮಾಷೆ ನಿಲ್ಲುತ್ತಿತ್ತು.

ಗಂಡನ ಕೈ ಬಿದ್ದಾಗ ಕಂಪನಿಯ ಡಾಕ್ಟರು ಅವನನ್ನು ಮುಟ್ಟಿಯೂ ನೋಡಲಿಲ್ಲ. ಮೇಜಿನ ಆಚೆಯಿಂದಲೇ ನೋಡಿ, ಕುಡಿತದಿಂದ ನರ ಸತ್ತಿದೆ ಎಂದು ಬರೆದು ಕೊಟ್ಟರು. ಅವನು ಜೀವಮಾನದಲ್ಲಿ ಕುಡಿದದ್ದು ಒಂದೇ ಸಲ, ತಂಗಿಯ ಮದುವೆಯಲ್ಲಿ. ಅದನ್ನೂ ಅಲ್ಲೇ ಕಕ್ಕಿದ್ದ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತ ತೆಗೆಸಿ ನೋಡಿ, ಇದು ಸೀಸ ಎಂದರು.

"ಇದಕ್ಕೆ ಔಷಧಿ ಇದೆ. ಬೇಗ ಶುರು ಮಾಡಿದ್ರೆ ಕೈ ಮತ್ತೆ ಏಳಬಹುದು. ತಡ ಮಾಡಿದ್ರೆ ನಾನೇನೂ ಮಾಡೋಕಾಗಲ್ಲ. ಔಷಧಿ ದುಬಾರಿ. ಕೆಲಸದಿಂದ ಬಂದಿದ್ದು ಅಂತ ಕಂಪನಿಯವರು ಬರ್ದು ಕೊಡ್ಲಿ, ಖರ್ಚೆಲ್ಲ ಅವರೇ ಕೊಡ್ಬೇಕಾಗುತ್ತೆ."

ಅಷ್ಟೇ ಬೇಕಾಗಿದ್ದದ್ದು. ಕೆಲಸದಿಂದ ಬಂದಿದ್ದು ಎಂಬ ಒಂದು ಮಾತು. ಅಕ್ಕ ಅದಕ್ಕಾಗಿ ಆಫೀಸಿಗೆ ಎಷ್ಟು ಅಲೆದಳೋ. ಪ್ರತಿ ಸಲವೂ ಒಂದೇ ಉತ್ತರ. "ನಮ್ಮಲ್ಲಿ ಧೂಳು ಹೊರಗೆ ಬರೋದೇ ಇಲ್ಲಮ್ಮ. ಎಲ್ಲಾನೂ ಪೈಪು ಎಳ್ಕೊಳ್ಳುತ್ತೆ. ಧೂಳಿದ್ರೆ ತಾನೇ ನಿನ್ ಗಂಡನ ಮೈಗೆ ಹೋಗೋದು?" ಹೀಗೆ ಹೇಳುವವರ ಮುಂದೆ ಅವಳು ಕೂದಲ ತುಂಬ ಬೂದಿ ಬಣ್ಣದ ಪುಡಿ ಹೊತ್ತು ನಿಂತಿರುತ್ತಿದ್ದಳು. ಅವರಿಗೆ ಅದು ಕಾಣುತ್ತಿರಲಿಲ್ಲ. ಕುರ್ಚಿಗೆ ಹತ್ತೀತೆಂದು ಕೂರು ಎನ್ನುತ್ತಿರಲಿಲ್ಲ, ಅದಕ್ಕೆ ಮಾತ್ರ ಕಾಣುತ್ತಿತ್ತು.

ಅದೇ ಹೊತ್ತಿಗೆ ಹೊಸ ಲೆಕ್ಕದವನು ಬಂದ. ಕಿರಿ ವಯಸ್ಸು, ಇಸ್ತ್ರಿ ಹಾಕಿದ ಅಂಗಿ, ಕೆಟ್ಟವನಲ್ಲ. ಎಲ್ಲರನ್ನೂ ಅಮ್ಮ, ಅಣ್ಣ ಎನ್ನುತ್ತಿದ್ದ. ಅವನದು ಪರಿಸರದ ಲೆಕ್ಕವಂತೆ. ಇಷ್ಟು ದಿನ ಕಂಪನಿ ದುಡ್ಡಿನ ಲೆಕ್ಕ ಮಾತ್ರ ಇಡುತ್ತಿತ್ತು, ಇನ್ನು ಮೇಲೆ ಪದಾರ್ಥದ ಲೆಕ್ಕವನ್ನೂ ಇಡುತ್ತದೆ ಎಂದು ಎಲ್ಲರನ್ನೂ ನಿಲ್ಲಿಸಿ ಹೇಳಿದ.

"ಗೇಟಿನೊಳಗೆ ಬಂದಿದ್ದೆಲ್ಲ ಒಂದಲ್ಲ ಒಂದು ರೂಪದಲ್ಲಿ ಇರಲೇಬೇಕು. ಬ್ಯಾಟರಿ ಆಗಿರ್ಬೇಕು, ಇಲ್ಲಾ ಕಸ ಆಗಿರ್ಬೇಕು, ಇಲ್ಲಾ ನೀರಲ್ಲಿ ಹೋಗಿರ್ಬೇಕು. ಹಾಳಾಗಿದ್ದು ಎರಡು ಸಲ ನಷ್ಟ. ಕೊಂಡ ದುಡ್ಡೂ ಹೋಯ್ತು, ಹೊರಗಿನ ಮಣ್ಣು ನೀರೂ ಕೆಡ್ತು. ಅದನ್ನೆಲ್ಲ ಹುಡುಕಿ ಲೆಕ್ಕಕ್ಕೆ ತರೋದೇ ನಮ್ಮ ಕೆಲಸ."

ಅವನ ಕೆಲಸ ಎಂದರೆ ಅವರ ಕೆಲಸ. ಗುಡಿಸಿದ ಕಸ ತೂಗು. ಒರೆಸಿದ ಚಿಂದಿ ತೂಗು. ಹರಿದ ಕೈಗವಸು ತೂಗು. ಚರಂಡಿಯ ರಾಡಿ ಬಾಚಿ, ಒಣಗಿಸಿ ತೂಗು. ಉಜ್ಜುವುದು ಕಡಿಮೆಯಾಗಲಿಲ್ಲ, ತೂಗುವುದು ಸೇರಿತು. ಗೇಟಿನ ಬಳಿ ಲಾರಿ ತೂಗುವ ಯಂತ್ರವಿತ್ತು, ನೆಲಕ್ಕೆ ಸಮವಾಗಿ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆ. ಅದರ ಮೇಲೆ ಹಾಯದೆ ಒಂದು ತಗಡೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ ಎಂದು ಬೋರ್ಡು ಬಿತ್ತು.

"ನಾಳೆ ನಾವು ಸೀನಿದ್ನೂ ತೂಗ್ತಾರೆ ನೋಡಕ್ಕ" ಎಂದಳು ಪಕ್ಕದಲ್ಲಿ ಉಜ್ಜುತ್ತಿದ್ದ ಕುಳ್ಳಿ.

ಅಕ್ಕ ನಕ್ಕಳು. ನಗುವ ಮಾತಾಗಿತ್ತು ಅದು, ಆಗ.

ಆಮೇಲೆ ಗೇಟಿನ ಪಕ್ಕ ಗೋಡೆ ಎದ್ದಿತು. ಏನೆಂದು ಕೇಳಿದರೆ ಬಚ್ಚಲು ಎಂದರು. ಹೆಂಗಸರಿಗೊಂದು, ಗಂಡಸರಿಗೊಂದು. ಕೆಲಸ ಬಿಟ್ಟ ಮೇಲೆ ಎಲ್ಲರೂ ಸ್ನಾನ ಮಾಡಿ ಮನೆಗೆ ಹೋಗಬೇಕಂತೆ. ಉಜ್ಜುವ ಶೆಡ್ಡಿನಲ್ಲಿ ಬ್ರಷ್ಷುಗಳು ನಿಂತವು. ಇವರು ಎಷ್ಟು ಕಾಲದಿಂದ ಬಚ್ಚಲು ಕೇಳುತ್ತಿದ್ದರು! ಅದೇ ಮೈಯಲ್ಲಿ ಬಸ್ಸು ಹತ್ತಿ, ಪಕ್ಕದವರು ಮೂಗು ಮುರಿದು ಎದ್ದು ಹೋಗಿ, ಅದೇ ಕೈಯಲ್ಲಿ ಮನೆಯ ಬಾಗಿಲು ತೆಗೆದು ಸಾಕಾಗಿತ್ತು. ನೀರಿಲ್ಲ, ಜಾಗವಿಲ್ಲ ಎಂದವರೇ ಈಗ ಬಿಳಿ ಟೈಲ್ಸು ಹಾಕಿಸುತ್ತಿದ್ದರು. ಅರ್ಜಿ ಮುಟ್ಟಿದೆ, ಯಾರಿಗೋ ಕರುಳು ಚುರುಕ್ ಎಂದಿದೆ ಎಂದುಕೊಂಡರು.

"ಅಕ್ಕ, ನೀನೇ ಹೋಗಿ ಎಲ್ಲರ ಪರವಾಗಿ ಒಂದು ಮಾತು ಹೇಳು" ಎಂದು ತಳ್ಳಿದರು.

ಅಕ್ಕ ಹೋದಳು. ಮ್ಯಾನೇಜರ ಎದುರು, ಲೆಕ್ಕದವನ ಎದುರು ಕೈ ಮುಗಿದಳು. ಹೆಂಗಸರ ಮಾನ ಉಳಿಸಿದಿರಿ, ನಿಮ್ಮ ಮಕ್ಕಳುಮರಿ ತಣ್ಣಗಿರಲಿ ಎಂದಳು. ಹೇಳುವಾಗ ಕಣ್ಣಲ್ಲಿ ನೀರು ಬಂತು. ಮ್ಯಾನೇಜರು ಲೆಕ್ಕದವನ ಮುಖ ನೋಡಿದರು. ಲೆಕ್ಕದವನು ಅತ್ತ ತಿರುಗಿ ಪೆನ್ನಿನ ಟೋಪಿ ತೆಗೆದು ಹಾಕಿದ. ಅವರು ಯಾಕೆ ಹಾಗೆ ನೋಡಿಕೊಂಡರು ಎಂದು ಅವಳಿಗೆ ಅವತ್ತು ಹೊಳೆಯಲಿಲ್ಲ.

ಮೊದಲನೆಯ ಸ್ನಾನದಲ್ಲೇ ಹೊಳೆಯಿತು.

ಬಾಗಿಲಲ್ಲಿ ಸೆಕ್ಯುರಿಟಿ ಹೆಂಗಸು ನಿಂತಿದ್ದಳು. ಅಕ್ಕನ ಕೈಯಲ್ಲಿದ್ದ ಸೋಪಿನ ಡಬ್ಬಿ ಕಿತ್ತುಕೊಂಡಳು.

"ಸೋಪು ಹಾಕೋ ಹಾಗಿಲ್ಲ."

"ಸೋಪಿಲ್ದೆ ಎಂಥ ಸ್ನಾನಮ್ಮ?"

"ನೊರೆ ಆದ್ರೆ ಪುಡಿ ತಳಕ್ಕೆ ಕೂರಲ್ಲಂತೆ. ಕೆಳಗೆ ಟ್ಯಾಂಕಿದೆ. ಪುಡಿ ಕೂತ್ಮೇಲೆ ತೆಗ್ದು ವಾಪಸ್ ಗಿರಣಿಗೆ ಹಾಕ್ತಾರೆ. ಕೊಟ್ಟಷ್ಟೇ ನೀರು ಹುಯ್ಕೊಳ್ಳಿ. ಜಾಸ್ತಿ ಹುಯ್ದ್ರೆ ಟ್ಯಾಂಕು ತುಂಬುತ್ತೆ."

ಮೊದಲು ಬಟ್ಟೆಯನ್ನು ಹಾಳೆಯ ಮೇಲೆ ಕೊಡವಬೇಕು. ಆಮೇಲೆ ಜಾಲರಿಯ ಮೇಲೆ ನಿಲ್ಲಬೇಕು. ಜಡೆ ಬಿಚ್ಚಬೇಕು. ಸೆಕ್ಯುರಿಟಿ ಹೆಂಗಸು ಬಾಚಣಿಗೆಯಲ್ಲಿ ಎಳೆದೆಳೆದು ಬಾಚುತ್ತಾಳೆ, ಬಿಳಿ ಬಟ್ಟೆಯಿಂದ ನೆತ್ತಿ ಒರೆಸಿ ನೋಡುತ್ತಾಳೆ, ಕಪ್ಪಾದರೆ ಮತ್ತೆ ಜಾಲರಿಗೆ. ಉಗುರು ಕತ್ತರಿಸಿ ತಟ್ಟೆಗೆ ಹಾಕಬೇಕು. ಮಗಳ ವಯಸ್ಸಿನವಳ ಮುಂದೆ ಅಮ್ಮನ ವಯಸ್ಸಿನವಳು ಒದ್ದೆಯಾಗಿ ನಡುಗುತ್ತ ಅಂಗೈ ಚಾಚಿ ನಿಲ್ಲಬೇಕು. ಬರೀ ನೀರಿಗೆ ಎಲ್ಲವೂ ಹೋಗುವುದಿಲ್ಲ, ಚರ್ಮದ ಮಡಿಕೆಯಲ್ಲಿ ಉಳಿದೇ ಉಳಿಯುತ್ತದೆ. ಉಳಿದದ್ದು ಹೆಂಗಸರ ಪಾಲು. ಇದೆಲ್ಲ ಕೆಲಸದ ಹೊತ್ತಿನಲ್ಲಲ್ಲ, ಬಿಟ್ಟ ಮೇಲೆ. ಬಸ್ಸು ತಪ್ಪುತ್ತಿತ್ತು. ಮನೆಯಲ್ಲಿ ಗಂಡ ಬಾಯಾರಿ ಕೂತಿರುತ್ತಿದ್ದ, ಕೊಡದಲ್ಲಿ ನೀರಿದ್ದೂ.

"ಪಾತ್ರೆ ತೊಳೆದಂಗೆ ತೊಳೀತಾರಲ್ಲಕ್ಕ. ಪಾತ್ರೆಗಾದ್ರೂ ಸೋಪು ಹಾಕ್ತೀವಿ" ಎಂದಳು ಕುಳ್ಳಿ, ಕತ್ತಲಾದ ರಸ್ತೆಯಲ್ಲಿ ನಡೆಯುತ್ತ.

ಅಕ್ಕ ಬೇಗ ಬೇಗ ಹೆಜ್ಜೆ ಹಾಕಿದಳು. ತಾನು ಕೈ ಮುಗಿದದ್ದು ನೆನಪಾಗುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಕೋಪ ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಮನೆಗೆ ಹೋಗಿ ಅಡಿಗೆ ಮಾಡಬೇಕಿತ್ತು.

ಹೀಗೆಯೇ ನಡೆಯಿತು. ಒಂದು ದಿನ ಮೇಸ್ತ್ರಿ ಬಂದು ಪಿಸುಗುಟ್ಟಿದ.

"ನಾಳೆ ದೊಡ್ಡ ದೊಡ್ಡೋರು ಬರ್ತಾರೆ. ನಮ್ಮ ಪರಿಸರದ ಲೆಕ್ಕಕ್ಕೆ ಬಹುಮಾನ ಬಂದಿದೆ. ನೀನು ಅವತ್ತು ಹೇಳಿದ್ಯಲ್ಲ, ಹೆಂಗಸರ ಮಾನ ಅಂತ, ಅದನ್ನೇ ಇನ್ನೊಂದ್ಸಲ ಹೇಳು. ಚೆನ್ನಾಗಿ ಹೇಳಿದ್ರೆ ನಿನ್ ಗಂಡನ ವಿಷಯ ಮ್ಯಾನೇಜರ ಕಿವಿಗೆ ನಾನೇ ಹಾಕ್ತೀನಿ."

ಅವಳು ಹೂಂ ಎಂದಳು. ನಿಜವಾಗಿಯೂ ಹೇಳಬೇಕೆಂದೇ ಹೂಂ ಎಂದಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಾನ, ಇನ್ನೊಂದರಲ್ಲಿ ಗಂಡನ ಕೈ. ಯಾರಾದರೂ ಕೈಯನ್ನೇ ಆರಿಸಿಕೊಳ್ಳುತ್ತಾರೆ.

ಮರುದಿನ ಊಟದ ಹಾಲ್‌ನಲ್ಲಿ ಪರದೆ ಕಟ್ಟಿದ್ದರು. ಬಂದವರು ಮುಂದೆ ಕುರ್ಚಿಯಲ್ಲಿ, ಕೆಲಸಗಾರರು ಹಿಂದೆ ಗೋಡೆಗೊರಗಿ. ಲೆಕ್ಕದವನು ಪರದೆಯ ಮೇಲೆ ದುಂಡನೆಯ ಚಿತ್ರ ತೋರಿಸಿದ. ಒಂದೊಂದು ಬಣ್ಣದ ತುಂಡು. ಇದು ಬ್ಯಾಟರಿ ಆದದ್ದು, ಇದು ಕಸ, ಇದು ರಾಡಿ. ಕೊನೆಗೊಂದು ಕೆಂಪು ತುಂಡು.

"ಇದು ಇಷ್ಟು ವರ್ಷ ಎಲ್ಲಿ ಹೋಗ್ತಿದೆ ಅಂತಾನೇ ಗೊತ್ತಿರ್ಲಿಲ್ಲ. ಎಷ್ಟು ಹುಡುಕಿದ್ರೂ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ. ಕೊನೆಗೆ ನೋಡಿದ್ರೆ, ಇದು ನಮ್ಮ ಕೆಲಸಗಾರರ ಮೈಮೇಲೆ ಹೊರಗೆ ಹೋಗ್ತಾ ಇತ್ತು. ಬಟ್ಟೇಲಿ, ಕೂದಲಲ್ಲಿ, ಉಗುರಲ್ಲಿ. ಈಗ ಬಚ್ಚಲಿನಿಂದ ಅದನ್ನ ವಾಪಸ್ ತಗೋತಿದೀವಿ. ಕಂಪನಿಗೂ ಲಾಭ, ಪರಿಸರಕ್ಕೂ ಲಾಭ."

ಚಪ್ಪಾಳೆ ಬಿತ್ತು. ಹಿಂದೆ ನಿಂತವರೂ ತಟ್ಟಿದರು. ತಟ್ಟಬೇಕೆಂದು ಹೇಳಿದ್ದರು.

ಮೇಸ್ತ್ರಿ ಅಕ್ಕನನ್ನು ಮುಂದೆ ತಳ್ಳಿದ. ಅವಳು ಪರದೆಯ ಪಕ್ಕ ಹೋಗಿ ನಿಂತಳು. ಹೆಂಗಸರ ಮಾನ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕಣ್ಣು ಕೆಂಪು ತುಂಡಿನ ಮೇಲಿತ್ತು.

"ಸಾರ್, ಒಂದು ಕೇಳ್ಲಾ?" ಎಂದಳು ಲೆಕ್ಕದವನಿಗೆ. "ಈ ಕೆಂಪು ತುಂಡು, ನಮ್ಮ ಮೈಮೇಲೆ ಹೋಗಿದ್ದು, ಯಾವಾಗಿಂದ ಹೋಗ್ತಿತ್ತು?"

ಅವನಿಗೆ ಸಂತೋಷವಾಯಿತು. ಲೆಕ್ಕದಲ್ಲಿ ಆಸಕ್ತಿ ಇರುವ ಒಬ್ಬರು ಸಿಕ್ಕರು ಎಂದುಕೊಂಡಿರಬೇಕು. "ಫ್ಯಾಕ್ಟರಿ ಶುರುವಾದಾಗಿಂದ್ಲೂ ಹೋಗಿರ್ಬೇಕಮ್ಮ."

"ಹಂಗಾದ್ರೆ ಗಿರಣಿಯೋರ ಮೈಮೇಲೂ ಹೋಗಿರುತ್ತೆ."

"ಅವರ ಮೈಮೇಲೇ ಜಾಸ್ತಿ."

"ಮೈಮೇಲೆ ಹೋಗಿದ್ದು ಮೈಯೊಳಗೆ ಹೋಗಿರಲ್ವಾ ಸಾರ್? ನಮ್ಮನೆಯವರು ಗಿರಣೀಲಿದ್ರು. ಕೈ ಬಿದ್ದಿದೆ. ಧೂಳೇ ಇಲ್ಲ ಅಂತ ಆಫೀಸಲ್ಲಿ ಹೇಳ್ತಾರೆ. ನೀವು ಇಷ್ಟು ದೊಡ್ಡ ಚಿತ್ರ ಬರ್ದು ಇದೆ ಅಂತೀರಿ. ಆ ಒಂದು ಮಾತು ನಮ್ಮನೆಯವ್ರಿಗೂ ಬರ್ದು ಕೊಡ್ತೀರಾ?"

ಲೆಕ್ಕದವನ ಕಿವಿ ಕೆಂಪಾಯಿತು. ಅವನು ಮ್ಯಾನೇಜರನ್ನು ನೋಡಿದ. ಮ್ಯಾನೇಜರು ನಗುತ್ತಲೇ ಎದ್ದು, "ಅದು ಡಾಕ್ಟರ ವಿಷಯಮ್ಮ, ಬೇರೆ. ಆಮೇಲೆ ಮಾತಾಡೋಣ" ಎಂದರು.

"ಹೌದಮ್ಮ" ಎಂದ ಲೆಕ್ಕದವನು, ತಗ್ಗಿದ ದನಿಯಲ್ಲಿ. "ನನ್ನ ಲೆಕ್ಕ ಗೇಟಿನ ತನಕ ಮಾತ್ರ. ಗೇಟು ದಾಟಿದ್ದು ಅದರಲ್ಲಿ ಬರಲ್ಲ."

ಬಂದವರಿಗೆ ಚಹಾ ಕೊಟ್ಟರು. ಇವರನ್ನು ಶೆಡ್ಡಿಗೆ ಓಡಿಸಿದರು. ಮೇಸ್ತ್ರಿ ಹಿಂದಿನಿಂದ ಬಂದು, "ಕೈಗೆ ಬಂದಿದ್ದನ್ನ ನೀನೇ ಹಾಳು ಮಾಡ್ಕೊಂಡೆ" ಎಂದ. ಅಕ್ಕ ಪ್ಲೇಟು ಎತ್ತಿಕೊಂಡು ಉಜ್ಜಿದಳು. ಉಜ್ಜುತ್ತಲೇ ಇದ್ದಳು. ತಾನು ಹೀಗೆ ಕೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಸಂಜೆ ಗಂಟೆ ಹೊಡೆದಾಗ ಎಲ್ಲರೂ ಬಚ್ಚಲಿನ ಸಾಲಿಗೆ ನಿಂತರು. ಅಕ್ಕ ನಿಲ್ಲಲಿಲ್ಲ. ಸಾಲಿನ ಪಕ್ಕದಲ್ಲೇ ಹಾದು, ಬೂದಿ ಬಣ್ಣದ ಮುಖದಲ್ಲೇ, ಗೇಟಿಗೆ ಹೋದಳು. ಸೆಕ್ಯುರಿಟಿ ಹೆಂಗಸು ಓಡಿಬಂದು ರಟ್ಟೆ ಹಿಡಿದಳು.

"ಏ, ಎಲ್ಲಿಗೆ? ಸ್ನಾನ?"

"ಮನೇಲಿ ಮಾಡ್ತೀನಿ. ಸೋಪು ಹಾಕಿ."

"ಹುಚ್ಚಾ ನಿಂಗೆ? ಮೈಮೇಲಿರೋದು ಕಂಪನಿ ಮಾಲು. ಹೊತ್ಕೊಂಡು ಹೋದ್ರೆ ಕಳ್ಳತನ ಅಂತ ಬರೀತೀನಿ."

ಅಕ್ಕ ನಿಂತಳು. ತಿರುಗಿ ಅವಳ ಮುಖ ನೋಡಿದಳು. ಎಷ್ಟೋ ದಿನಗಳ ಮೇಲೆ ಮೈಯಲ್ಲಿ ಏನೋ ಒಂದು ನೆಟ್ಟಗಾಯಿತು.

"ಬರಿ" ಎಂದಳು. "ಕಂಪನಿ ಮಾಲು ಇವಳ ಮೈಮೇಲೆ ಹೋಗ್ತಿತ್ತು ಅಂತ ಬರಿ. ಸಹಿ ಹಾಕಿ ಕೊಡು. ಕಳ್ಳಿ ಅಂತಾನೇ ಬರಿ, ಪರವಾಗಿಲ್ಲ. ನಮ್ಮನೆಯವರ ಹೆಸರೂ ಸೇರಿಸ್ಕೊ. ಗಿರಣೀಲಿ ಇದ್ದಷ್ಟು ದಿನ ಅವರೂ ಹೊತ್ಕೊಂಡು ಹೋಗಿದಾರೆ. ಕೈಯೊಳಗೆ ಇಟ್ಕೊಂಡು ಕೂತಿದಾರೆ. ಬಂದು ಜಪ್ತಿ ಮಾಡ್ಕೊಳ್ಳಿ."

ಸೆಕ್ಯುರಿಟಿ ಹೆಂಗಸು ಪೆನ್ನು ತೆಗೆದಳು. ಗದ್ದಲ ಕೇಳಿ ಮೇಸ್ತ್ರಿ ಬಂದ. ಆಮೇಲೆ ಮ್ಯಾನೇಜರೇ ಬಂದರು. ವಿಷಯ ಕೇಳಿದರು. ಪೆನ್ನು ನೋಡಿದರು. ಅವರ ಮುಖದಲ್ಲಿ ಬಣ್ಣ ಬದಲಾಯಿತು.

"ಏನೂ ಬರೀಬೇಡ. ಹೋಗ್ಲಿ ಬಿಡು."

"ಸಾರ್, ರೂಲ್ಸು..."

"ಬರೀಬೇಡ ಅಂದೆ!"

ಗೇಟು ತೆರೆಯಿತು. ಬೇಡಿದಾಗ ಸಿಗದ ಒಂದು ಮಾತು, ಬೈಗುಳವಾಗಿಯೂ ಸಿಗಲಿಲ್ಲ. ಅಕ್ಕ ಹೊರಗೆ ಬಂದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುರಿದು ಎದ್ದು ಹೋದಳು.

ಮನೆಯಲ್ಲಿ ಗಂಡನನ್ನು ಮುಟ್ಟುವ ಮೊದಲು ಹಿತ್ತಲಲ್ಲಿ ಸ್ನಾನ ಮಾಡಿದಳು. ಸೋಪು ಸವೆಯುವ ತನಕ ಉಜ್ಜಿಕೊಂಡಳು. ಆಮೇಲೆ ಒಳಗೆ ಬಂದು, ಅವನಿಗೆ ನೀರು ಕುಡಿಸಿ, ನಡೆದದ್ದನ್ನೆಲ್ಲ ಹೇಳಿದಳು. ಅವನು ಜೋತುಬಿದ್ದ ಕೈಗಳನ್ನೇ ನೋಡುತ್ತ ಕೂತಿದ್ದ.

"ಸುಮ್ನೆ ಇರ್ಬೇಕಿತ್ತು ನೀನು. ಇರೋ ಕೆಲ್ಸಾನೂ ಹೋಗುತ್ತೆ" ಎಂದ.

"ಹೋಗುತ್ತೆ."

"ಮತ್ತೆ?"

"ಸಾಕಾಗಿದೆ ಕಣ್ರೀ." ಅವಳು ಗೋಡೆಗೊರಗಿ ಕಾಲು ಚಾಚಿದಳು. ಪಾದ ಊದಿ ಹೊಳೆಯುತ್ತಿತ್ತು. "ಗೇಟಿನ ಆಚೆ ಅವನ ಲೆಕ್ಕಕ್ಕೆ ಬರಲ್ಲವಂತೆ. ನಾಳೆ ನೀವು ಗೇಟಿನ ಒಳಗೇ ಬನ್ನಿ."

ಬೆಳಿಗ್ಗೆ ಅವಳು ಅವನ ಮುಖ ತೊಳೆದು, ಒಗೆದಿಟ್ಟ ಅಂಗಿ ಹಾಕಿ, ಗುಂಡಿ ಹಾಕಿದಳು. ಇಬ್ಬರೂ ಬಸ್ಸು ಹತ್ತಿದರು. ಅವನಿಗೆ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಅವಳು ಅವನ ಸೊಂಟ ಹಿಡಿದು ನಿಂತಳು.

ಸೀಸದ ಲಾರಿಗೆಂದು ದೊಡ್ಡ ಗೇಟು ತೆರೆದಿತ್ತು. ಲಾರಿ ಒಳಗೆ ಬರುವ ಮೊದಲೇ ಇವರಿಬ್ಬರು ನುಗ್ಗಿದರು. ಅಕ್ಕ ಗಂಡನನ್ನು ಕರೆದುಕೊಂಡು ಹೋಗಿ ತೂಗುವ ಕಬ್ಬಿಣದ ಹಲಗೆಯ ನಡುವೆ ನಿಲ್ಲಿಸಿದಳು.

"ತೂಗಿ" ಎಂದಳು. "ಬಂದಿದ್ದೆಲ್ಲ ತೂಗ್ಬೇಕು ಅಂತ ಬೋರ್ಡು ಹಾಕಿದೀರಿ. ಇವರಲ್ಲಿ ನಿಮ್ಮ ಮಾಲಿದೆ. ನಿಮ್ಮದೆಷ್ಟು, ನನ್ನದೆಷ್ಟು, ಬೇರೆ ಮಾಡ್ಕೊಡಿ."

ಲಾರಿ ಹಾರ್ನು ಹೊಡೆಯಿತು. ತೂಕದವನು ಗುಬ್ಬಿಗೂಡಿನಂಥ ತನ್ನ ಕೋಣೆಯ ಕಿಟಕಿಯಿಂದ ಮುಖ ಹೊರಗೆ ಹಾಕಿ ನಕ್ಕ. "ಇದು ಲಾರಿ ತೂಗೋದಮ್ಮ. ಒಬ್ಬಿಬ್ಬರಿಗೆಲ್ಲ ಅಲ್ಲಾಡಲ್ಲ. ನೋಡು, ಸೊನ್ನೆ ತೋರಿಸ್ತಿದೆ."

ಅಕ್ಕ ತಾನೂ ಹತ್ತಿದಳು. ಸೊನ್ನೆಯೇ.

ಕೆಲಸಕ್ಕೆ ಬಂದವರು ಸುತ್ತ ನಿಂತಿದ್ದರು. ಯಾರೂ ಮಿಸುಕಲಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ, ಹೆದರಿಕೆಯೂ ಇದೆ. ಅಕ್ಕ ಯಾರನ್ನೂ ಕರೆಯಲಿಲ್ಲ. ಕುಳ್ಳಿ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅತ್ತ ಇತ್ತ ನೋಡಿದಳು. ಆಮೇಲೆ, "ಥೂ, ಹಾಳಾಗ್ ಹೋಗ್ಲಿ!" ಎಂದು ಹಲಗೆ ಹತ್ತಿದಳು. ಅವಳ ಹಿಂದೆ ಬ್ರಷ್ಷಿನವರು ಇಬ್ಬರು. ಗಿರಣಿಯವನೊಬ್ಬ, ಅವನ ಬೆರಳೂ ನಡುಗಲು ಶುರುವಾಗಿತ್ತು. ಇನ್ನೊಬ್ಬ. ಮತ್ತೊಬ್ಬಳು. ಕೋಣೆಯ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಮಿನುಗಿ ಬದಲಾಯಿತು. ತೂಕದವನ ನಗು ನಿಂತಿತು.

ಮೇಸ್ತ್ರಿ ಕೂಗಾಡಿದ. ಮ್ಯಾನೇಜರು ಫೋನು ಹಿಡಿದು ಓಡಿಬಂದರು. ಲಾರಿಯ ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು. ಲೆಕ್ಕದವನೂ ಬಂದ. ಗಾಜಿನ ಪೆಟ್ಟಿಗೆಯ ಅಂಕಿ ನೋಡಿದ, ಗಂಡನ ಜೋತುಬಿದ್ದ ಕೈ ನೋಡಿದ. ಆ ಕೈಯನ್ನು ಅವನು ನೋಡಿದ್ದು ಅದೇ ಮೊದಲು.

"ಯಾವ ಬಣ್ಣದಲ್ಲಿ ಹಾಕ್ತೀರಿ ಸಾರ್ ಇವರನ್ನ?" ಎಂದು ಅಕ್ಕ ಕೇಳಿದಳು.

ಅವನು ಪೆನ್ನಿನ ಟೋಪಿ ತೆಗೆದು ಹಾಕಿದ.

"ಪೊಲೀಸ್ ಕರೆಸ್ತೀನಿ! ಇಳೀರಿ ಎಲ್ಲರೂ!" ಎಂದರು ಮ್ಯಾನೇಜರು.

"ಕರೆಸಿ" ಎಂದ ಗಂಡ. "ಯಾಕೆ ಕರೆಸಿದ್ದು ಅಂತ ಅವರಿಗಾದ್ರೂ ಬರ್ದು ಕೊಡ್ತೀರಲ್ಲ."

ಪೊಲೀಸರು ಬರಬಹುದು. ಕೆಲಸ ಹೋಗುವುದಂತೂ ಖಂಡಿತ. ಕೈ ಏಳುತ್ತದೋ ಇಲ್ಲವೋ, ಅಕ್ಕನಿಗೆ ಗೊತ್ತಿರಲಿಲ್ಲ. ಅವಳ ಕಾಲು ನೋಯುತ್ತಿತ್ತು. ಅವಳು ಗಂಡನ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು, ತಾನೂ ಪಕ್ಕದಲ್ಲಿ ಕೂತು ಕಾಲು ಚಾಚಿದಳು. ಕಬ್ಬಿಣ ತಣ್ಣಗಿತ್ತು. ಕೆಲಸದ ಹೊತ್ತಿನಲ್ಲಿ ಆ ಗೇಟಿನೊಳಗೆ ಅವಳು ಕೂತದ್ದು ಅದೇ ಮೊದಲು.